ದಾನದ ಕಾರಿಗೆ ಮೊಳ

ನಾಲ್ಕು ತಿಂಗಳಿಂದ ನನ್ನ ಬಟ್ಟೆಚೀಲದಲ್ಲಿ ಮೂರೇ ಸಾಮಾನು: ಐದು ಮೀಟರಿನ ಟೇಪು, ಹಳೆಯ ಸ್ಪೀಕರಿನಿಂದ ಬಿಚ್ಚಿದ ಅಯಸ್ಕಾಂತ, ಮೊಳದುದ್ದದ ಒಂದು ಸ್ಕ್ರೂಡ್ರೈವರ್. ಭಾನುವಾರ ಬೆಳಗ್ಗೆ ಕಾಫಿ ಮುಗಿಸಿ ಚೀಲ ಎತ್ತಿಕೊಂಡರೆ ನನ್ನಾಕೆ ‘ಇವತ್ತು ಎಲ್ಲಿಗೆ, ಗಾಜಿಯಾಬಾದೋ ಮಾಯಾಪುರಿಯೋ?’ ಎನ್ನುತ್ತಾಳೆ. ದ್ವಾರಕಾದ ನಮ್ಮ ಫ್ಲ್ಯಾಟಿನಿಂದ ದೆಹಲಿಯ ನಾಲ್ಕು ದಿಕ್ಕಿಗೂ ಹೋಗಿ ಹಳೆಯ ಕಾರುಗಳ ಅಡಿಯಲ್ಲಿ ಮಲಗಿ ಎದ್ದು ಬಂದಿದ್ದೇನೆ. ಕಾರು ಬೇಕಾಗಿರುವುದು ಓಡಿಸುವುದಕ್ಕಲ್ಲ, ಬಿಚ್ಚುವುದಕ್ಕೆ.

ಫರಿದಾಬಾದಿನಲ್ಲಿರುವ ನನ್ನ ತಂಗಿಯ ಮಗನಿಗೆ ತನ್ನ ಕೈಯಾರೆ ಒಂದು ಕಾರು ಕಟ್ಟುವ ಆಸೆ. ಎರಡೇ ಸೀಟು, ಚಾವಣಿಯಿಲ್ಲ, ಬಾಗಿಲಿಲ್ಲ. ಉದ್ದನೆಯ ಮೂತಿ, ಹಿಂದಿನ ಚಕ್ರಕ್ಕೆ ಒತ್ತಿಕೊಂಡು ಕೂರುವ ಚಾಲಕ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುವಾಗ ಕಾಲೇಜಿನ ಹುಡುಗರ ಜೊತೆ ಸೇರಿ ಸುಪ್ರಾ ಸ್ಪರ್ಧೆಗೆ ರೇಸ್ ಗಾಡಿ ಕಟ್ಟಿದ್ದ. ಕೆಟಿಎಂ ಬೈಕಿನ 373 ಸಿಸಿ ಎಂಜಿನ್ ಇಟ್ಟು, ಕೊಳವೆಗಳನ್ನು ಬೆಸೆದು, ಗ್ರೇಟರ್ ನೊಯ್ಡಾದ ಬುದ್ಧ ಸರ್ಕ್ಯೂಟಿಗೆ ಒಯ್ದಿದ್ದರು. ಒಮ್ಮೆ ಕಬ್ಬಿಣ ಬೆಸೆದು ಅದು ಓಡಿದ್ದನ್ನು ಕಂಡ ಕೈ ಸುಮ್ಮನಿರುವುದಿಲ್ಲ. ‘ಮಾವ, ಈ ಸಲ ನಮ್ಮನೆ ಪೋರ್ಟಿಕೋದಲ್ಲಿ, ನಾವಿಬ್ಬರೇ’ ಎಂದ. ನಲವತ್ತು ವರ್ಷ ಡ್ರಾಯಿಂಗ್ ಹಲಗೆಯ ಮುಂದೆ ನಿಂತು ನಿವೃತ್ತನಾದವನಿಗೆ ಇದಕ್ಕಿಂತ ಒಳ್ಳೆಯ ಕರೆ ಯಾವುದು? ಆಗಲಿ ಎಂದೆ.

ಇಂಥ ಕಾರಿನ ಚೌಕಟ್ಟನ್ನೂ ಮೈಯನ್ನೂ ಮನೆಯಲ್ಲಿ ಮಾಡಿಕೊಳ್ಳಬಹುದು. ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಅಚ್ಚು, ಸ್ಟೀರಿಂಗ್, ಬ್ರೇಕು, ವೈರಿಂಗ್ ಇವನ್ನು ಮನೆಯಲ್ಲಿ ಮಾಡಲಾಗುವುದಿಲ್ಲ. ಅವೆಲ್ಲ ಒಂದು ಹಳೆಯ ಕಾರಿನಿಂದ ಬರಬೇಕು. ಅದನ್ನು ಡೋನರ್ ಕಾರು ಎನ್ನುತ್ತಾರೆ. ನಾವು ಮನೆಯಲ್ಲಿ ದಾನಿ ಎನ್ನುತ್ತೇವೆ. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಎಂದು ನಮ್ಮಮ್ಮ ಆಡಿಕೊಳ್ಳುತ್ತಿದ್ದಳು. ದಾನ ಪಡೆದದ್ದನ್ನು ಅಳೆಯಬಾರದು ಎಂಬುದು ಸೀರೆಗೆ, ದಟ್ಟಿಗೆ ಸರಿ. ಕಾರಿನ ವಿಷಯದಲ್ಲಿ ಮೊದಲು ಮೊಳ ಹಾಕಬೇಕು, ಆಮೇಲೆ ಕೈಚಾಚಬೇಕು.

ಇದನ್ನು ನಾನು ಕಲಿತದ್ದು ದೆಹಲಿಯಲ್ಲಲ್ಲ. ಮಂಡ್ಯದ ಹತ್ತಿರ ನಮ್ಮಪ್ಪನಿಗೆ ಒಂದು ವೆಲ್ಡಿಂಗ್ ಶೆಡ್ಡಿತ್ತು. 1933ರಲ್ಲಿ ಸಕ್ಕರೆ ಕಾರ್ಖಾನೆ ಬಂದ ಮೇಲೆ ನಮ್ಮ ಸೀಮೆಯ ಎತ್ತುಗಳಿಗೆಲ್ಲ ಕಬ್ಬು ಎಳೆಯುವ ಕೆಲಸ. ಮರದ ಚಕ್ರ, ಕಬ್ಬಿಣದ ಪಟ್ಟಿಯ ಗಾಡಿಗಳು ಹೊರೆಗೆ ಸಾಲದೆ, ನಾನು ಹುಡುಗನಾಗಿದ್ದಾಗ ಟೈರ್ ಗಾಡಿಗಳು ಬಂದವು. ಗುಜರಿ ಅಂಗಡಿಯಿಂದ ಹಳೆಯ ಜೀಪಿನದೋ ಲಾರಿಯದೋ ಅಚ್ಚು ತಂದು, ಎರಡು ಟೈರು ತೊಡಿಸಿ, ಮೇಲೆ ಮರದ ತಟ್ಟು ಕೂರಿಸುವುದು. ಎತ್ತಿನ ಕುತ್ತಿಗೆಗೆ ಅರ್ಧಕ್ಕರ್ಧ ಹಗುರ. ಅಪ್ಪ ಗುಜರಿಗೆ ಹೋದರೆ ಅಚ್ಚನ್ನು ಎರಡು ಕಲ್ಲಿನ ಮೇಲೆ ಇಡಿಸಿ ಹಬ್ಬನ್ನು ಬೆರಳಿನಿಂದ ಒಂದು ಸುತ್ತು ತಿರುಗಿಸಿ ಕಣ್ಣು ಮುಚ್ಚಿಬಿಡುತ್ತಿದ್ದರು. ‘ಕಣ್ಣಲ್ಲಿ ನೋಡ್ಬ್ಯಾಡ ಮಗ, ಕಿವೀಲಿ ನೋಡು’ ಎನ್ನುತ್ತಿದ್ದರು. ಒಳ್ಳೆಯ ಬೇರಿಂಗ್ ಉಸಿರಿನಂತೆ ಹೋಗುತ್ತದೆ. ಸವೆದದ್ದು ಮರಳು ಅಗಿದ ಹಾಗೆ ಕರಕರ ಎನ್ನುತ್ತದೆ. ಆಮೇಲೆ ದಾರ ಹಿಡಿದು ಅಚ್ಚು ನೆಟ್ಟಗಿದೆಯೇ ನೋಡುವುದು. ಬಣ್ಣ, ಬ್ರಾಂಡು, ಹೆಸರು ಯಾವುದನ್ನೂ ಅವರು ಕೇಳಿದ್ದು ನಾನು ಕಾಣೆ. ಸತ್ತ ಜೀಪು ಇನ್ನೂ ಇಪ್ಪತ್ತು ವರ್ಷ ಕಬ್ಬು ಹೊರುತ್ತಿತ್ತು. ನನ್ನ ಬಾಳಿನಲ್ಲಿ ನಾನು ಕಂಡ ಮೊದಲ ದಾನಿ ಕಾರುಗಳು ಅವು.

ಅಳಿಯ ಕಟ್ಟಬೇಕೆಂದಿರುವ ಮಾದರಿಯ ಮೂಲ ಇಂಗ್ಲೆಂಡಿನದು. ಕಾಲಿನ್ ಚಾಪ್‌ಮನ್ 1957ರಲ್ಲಿ ತಂದ ಲೋಟಸ್ ಸೆವೆನ್. ಪೂರ್ತಿ ಕಾರಿಗೆ ಅಲ್ಲಿ ಖರೀದಿ ತೆರಿಗೆ ಬೀಳುತ್ತಿತ್ತು, ಬಿಡಿ ಭಾಗಗಳಾಗಿ ಕೊಂಡರೆ ಬೀಳುತ್ತಿರಲಿಲ್ಲ; ಹಾಗಾಗಿ ಜನ ಭಾಗಗಳನ್ನು ಪೆಟ್ಟಿಗೆಯಲ್ಲಿ ತಂದು ಮನೆಯಲ್ಲೇ ಜೋಡಿಸಿಕೊಂಡರು. 1973ರಲ್ಲಿ ಆ ತೆರಿಗೆ ಹೋಯಿತು, ಕಟ್ಟುವ ಚಟ ಹೋಗಲಿಲ್ಲ. 1996ರಲ್ಲಿ ರಾನ್ ಚಾಂಪಿಯನ್ ಎಂಬ ಶಾಲಾ ಮೇಷ್ಟ್ರು ಒಂದು ಪುಸ್ತಕ ಬರೆದರು: 250 ಪೌಂಡಿನಲ್ಲಿ ನಿಮ್ಮ ಸ್ಪೋರ್ಟ್ಸ್ ಕಾರನ್ನು ನೀವೇ ಕಟ್ಟಿಕೊಳ್ಳಿ ಎಂದು. ಒಂದು ಇಂಚಿನ ಚೌಕ ಕೊಳವೆಯ ಚೌಕಟ್ಟು, ಹಳೆಯ ಫೋರ್ಡ್ ಎಸ್ಕಾರ್ಟಿನ ಎಂಜಿನ್, ಗೇರ್‌ಬಾಕ್ಸ್, ಅಚ್ಚು. ಮೇಷ್ಟ್ರ ದೊಡ್ಡ ಜಾಣತನ ಎಸ್ಕಾರ್ಟನ್ನು ಆರಿಸಿದ್ದರಲ್ಲಿದೆ ಎಂದು ನನ್ನ ನಂಬಿಕೆ. ಅದು ಅಲ್ಲಿನ ಬಡವರ, ನಡುಮಟ್ಟದವರ ಕಾರು. ಬೀದಿ ಬೀದಿಯಲ್ಲಿ ತುಕ್ಕು ಹಿಡಿದು ನಿಂತಿತ್ತು. ಎಂಜಿನ್ ಉದ್ದಕ್ಕೆ ಕೂತು ಹಿಂದಿನ ಚಕ್ರ ತಿರುಗಿಸುತ್ತಿತ್ತು. ಹಾಗಿದ್ದೂ ಮುಂದಿನ ಚಕ್ರದ ಗೆಣ್ಣನ್ನು ಅವರು ಕಾರ್ಟಿನಾ ಎಂಬ ಬೇರೆ ಕಾರಿನಿಂದ ತೆಗೆದುಕೊಳ್ಳಬೇಕಾಯಿತು. ಒಂದೇ ದಾನಿಯಿಂದ ಎಲ್ಲವೂ ದೊರೆಯುವುದು ಕಡಿಮೆ.

ನಮ್ಮಲ್ಲೂ ಈ ಕೆಲಸ ನಡೆದಿದೆ. ಅಲಿಬಾಗ್‌ನ ಚಿಂಕಾರಾ ಮೋಟಾರ್ಸ್‌ನವರು ಹಿಂದೂಸ್ತಾನ್ ಕಾಂಟೆಸ್ಸಾದಲ್ಲಿ ಬರುತ್ತಿದ್ದ 1.8 ಲೀಟರಿನ ಇಸುಜು ಎಂಜಿನ್ ಇಟ್ಟು, ಫೈಬರ್‌ಗ್ಲಾಸ್ ಮೈ ಹೊದಿಸಿ, ಸೆವೆನ್ ಹೋಲುವ ರೋಡ್‌ಸ್ಟರ್ ಮಾಡಿದರು. ಅದಕ್ಕೂ ಮೊದಲು ಕೊಯಮತ್ತೂರಿನ ಕರಿವರ್ಧನ್ ರೇಸ್ ಕಾರುಗಳನ್ನು ಇಲ್ಲೇ ಕಟ್ಟುವುದನ್ನು ಒಂದು ಪರಂಪರೆಯಾಗಿ ಬೆಳೆಸಿದರು. ಮಾರುತಿ 800ರ ಎಂಜಿನ್ನನ್ನು ಚಾಲಕನ ಬೆನ್ನಹಿಂದೆ ಕೂರಿಸಿದ ಫಾರ್ಮುಲಾ ಮಾರುತಿ ಗಾಡಿಗಳಲ್ಲಿ ಒಂದು ತಲೆಮಾರು ರೇಸ್ ಕಲಿಯಿತು. ನಾರಾಯಣ್ ಕಾರ್ತಿಕೇಯನ್ ಶ್ರೀಪೆರಂಬದೂರಿನಲ್ಲಿ ಶುರು ಮಾಡಿದ್ದೂ ಅದರಲ್ಲೇ. ಕರಿವರ್ಧನ್ 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಊರ ಡಾಕ್ಟರರು, ಗುಮಾಸ್ತರು ಮಾರುಕಟ್ಟೆಗೆ ಓಡಿಸುತ್ತಿದ್ದ ಎಂಜಿನ್ನಿಗೆ ರೇಸಿನಲ್ಲಿ ಎರಡನೇ ಬದುಕು ಕೊಟ್ಟ ಆ ಪರಂಪರೆಯ ಬಗ್ಗೆ ನನಗೆ ಬಹಳ ಗೌರವ.

ದೆಹಲಿಯಲ್ಲಿ ದಾನಿಗೇನು ಕೊರತೆ ಎಂದು ನಾವು ಹೊರಟಾಗ ಅಂದುಕೊಂಡಿದ್ದೆವು. ಕಾರುಗಳಿಗೆ ಇಲ್ಲಿ ಆಯುಸ್ಸು ಬರೆದಿಟ್ಟಿದ್ದಾರೆ: ಡೀಸೆಲಿಗೆ 10 ವರ್ಷ, ಪೆಟ್ರೋಲಿಗೆ 15. ಹಸಿರು ನ್ಯಾಯಮಂಡಳಿ ಹೇಳಿದ್ದನ್ನು 2018ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. 2025ರ ಜುಲೈ 1ರಿಂದ ಪೆಟ್ರೋಲ್ ಬಂಕುಗಳಲ್ಲಿ ಕ್ಯಾಮೆರಾ ಇಟ್ಟು, ವಯಸ್ಸಾದ ಗಾಡಿಗೆ ಇಂಧನ ಹಾಕಬಾರದೆಂದರು, ಜನ ಕಂಗಾಲಾದರು, ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿದರು. ಆಗಸ್ಟಿನಲ್ಲಿ ಕೋರ್ಟು ವಯಸ್ಸೊಂದನ್ನೇ ನೋಡಿ ಬಲವಂತದ ಕ್ರಮ ಬೇಡ ಎಂದಿತು, ಡಿಸೆಂಬರ್ 17ರಂದು ಆ ರಕ್ಷಣೆ ಬಿಎಸ್-4 ಹೊಗೆ ಮಾನದಂಡದ ಮತ್ತು ಅದಕ್ಕೂ ಹೊಸ ಗಾಡಿಗಳಿಗೆ ಮಾತ್ರ ಎಂದು ತಿದ್ದಿತು. ದೆಹಲಿಯಲ್ಲಿ ಬಿಎಸ್-4 ಕಡ್ಡಾಯವಾದದ್ದು 2010ರ ಏಪ್ರಿಲಿನಲ್ಲಿ. ಅದಕ್ಕಿಂತ ಹಳೆಯವು ಒಂದೊಂದಾಗಿ ಗುಜರಿಯ ದಾರಿ ಹಿಡಿದಿವೆ. ಹೊಗೆ ಕವಿದ ಜನವರಿಯ ಬೆಳಗಿನಲ್ಲಿ ಎದೆ ಹಿಂಡಿದ ಹಾಗಾಗುವ ಊರಿದು. ನಿಯಮ ಬೇಕು, ಒಪ್ಪುತ್ತೇನೆ. ಆದರೂ ಮಕ್ಕಳಂತೆ ತೊಳೆದು ಒರೆಸಿಟ್ಟ ಕಾರುಗಳು ಕ್ರೇನಿಗೆ ನೇತಾಡುವುದನ್ನು ನೋಡಿದರೆ ಸಂಕಟವಾಗುತ್ತದೆ.

ಮಾಯಾಪುರಿಯ ಗುಜರಿ ಪೇಟೆಗೆ ಮೊದಲ ಸಲ ಹೋದಾಗ ಅಳಿಯ ಮೂಕನಾಗಿ ನಿಂತುಬಿಟ್ಟ. ಗಲ್ಲಿಯ ಎರಡೂ ಬದಿ ಎಂಜಿನ್ನುಗಳ ಗೋಡೆ. ಒಂದೆಡೆ ಗೇರ್‌ಬಾಕ್ಸುಗಳ ರಾಶಿ, ಇನ್ನೊಂದೆಡೆ ಬರೀ ಬಾಗಿಲುಗಳು, ನೆಲವೆಲ್ಲ ಎಣ್ಣೆ ಕುಡಿದು ಕಪ್ಪು. ಬೇಕಾದ್ದನ್ನು ಬಿಡಿಬಿಡಿಯಾಗಿ ಆರಿಸಿಕೊಂಡರಾಯಿತಲ್ಲ ಎಂದು ಅವನ ಆಲೋಚನೆ. ನಾನು ಬೇಡವೆಂದೆ. ಒಂದು ಕಾರಿನ ಎಂಜಿನ್, ಇನ್ನೊಂದರ ಗೇರ್‌ಬಾಕ್ಸ್, ಮತ್ತೊಂದರ ವೈರಿಂಗ್ ತಂದರೆ ಅವುಗಳ ನಡುವೆ ಬೇಕಾಗುವ ಬೋಲ್ಟು, ಬ್ರ್ಯಾಕೆಟ್ಟು, ಕೇಬಲ್ಲು, ಸೆನ್ಸರುಗಳನ್ನು ಹುಡುಕುವುದರಲ್ಲೇ ವರ್ಷ ಕಳೆಯುತ್ತದೆ. ಇಡೀ ಕಾರು ಕೊಂಡರೆ ಆ ಸಣ್ಣಪುಟ್ಟದ್ದೆಲ್ಲ ಅದರ ಮೈಯಲ್ಲೇ ಇರುತ್ತದೆ, ಪ್ರತಿಯೊಂದೂ ಎಲ್ಲಿ ಕೂತಿತ್ತೆಂದು ಬಿಚ್ಚುವಾಗಲೇ ಕಣ್ಣಾರೆ ಕಾಣುತ್ತದೆ. ಮೇಲಾಗಿ, ಓಡುತ್ತಿರುವ ಎಂಜಿನ್ನಿನ ದನಿ ಕೇಳಿ ಕೊಳ್ಳುವುದಕ್ಕೂ ರಾಶಿಯಲ್ಲಿ ಬಿದ್ದ ಎಂಜಿನ್ನಿನ ಮೇಲೆ ಭರವಸೆ ಇಟ್ಟು ಕೊಳ್ಳುವುದಕ್ಕೂ ಬಹಳ ಅಂತರ.

ಇನ್ನೊಂದು ಕಾರಣವೂ ಇತ್ತು. ಅದೇ ಮಾಯಾಪುರಿಯಲ್ಲಿ 2010ರಲ್ಲಿ, ವಿಶ್ವವಿದ್ಯಾಲಯವೊಂದರ ರಸಾಯನಶಾಸ್ತ್ರ ವಿಭಾಗದಿಂದ ಹರಾಜಿನಲ್ಲಿ ಬಂದ ಹಳೆಯ ವಿಕಿರಣ ಯಂತ್ರವನ್ನು ಏನೆಂದು ತಿಳಿಯದೆ ಒಡೆದು, ಒಳಗಿದ್ದ ಕೋಬಾಲ್ಟ್-60ರಿಂದ ಹಲವರು ಕಾಯಿಲೆ ಬಿದ್ದರು, ಒಬ್ಬರು ಸತ್ತರು. ಎಲ್ಲಿಂದ ಬಂತು, ಏನಾಗಿತ್ತು ಎಂದು ಗೊತ್ತಿಲ್ಲದ ವಸ್ತುವನ್ನು ಬಿಚ್ಚಬಾರದು ಎಂಬುದು ಆ ಗಲ್ಲಿಯಲ್ಲಿ ನಿಂತಾಗಲೆಲ್ಲ ನನ್ನ ಮನಸ್ಸಿಗೆ ಬರುತ್ತದೆ. ನಂಬರು ಉಜ್ಜಿ ಹೋದ ಎಂಜಿನ್ ಎಷ್ಟೇ ಅಗ್ಗವಾಗಿರಲಿ, ಯಾರೇ ಕೊಡಲಿ, ಮುಟ್ಟಬೇಡವೆಂದು ಅಳಿಯನಿಗೆ ಆವತ್ತೇ ಹೇಳಿದೆ.

ಮೊದಲು ನೋಡಿದ್ದು ಮಾರುತಿ 800. ನಾನು ದೆಹಲಿಗೆ ಬಂದದ್ದು 1984ರಲ್ಲಿ. ಹಿಂದಿನ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಮೊದಲ 800ರ ಬೀಗದ ಕೈಯನ್ನು ಹರ್‌ಪಾಲ್ ಸಿಂಗರಿಗೆ ಕೊಟ್ಟಿದ್ದರು. ಆ ಬಿಳಿಯ ಕಾರಿನ ನಂಬರು ಡಿಐಎ 6479. ಯೂಸುಫ್ ಸರಾಯ್‌ನಲ್ಲಿ ಬಾಡಿಗೆ ಕೋಣೆಯಲ್ಲಿದ್ದ ನಾವು ಕೆಲವು ಹುಡುಗರು ಅದನ್ನು ನೋಡುವುದಕ್ಕೆಂದೇ ಪಕ್ಕದ ಗ್ರೀನ್ ಪಾರ್ಕಿಗೆ ನಡೆದುಕೊಂಡು ಹೋಗಿದ್ದೆವು. 2010ರಲ್ಲಿ ಹರ್‌ಪಾಲ್ ಸಿಂಗರು ತೀರಿಕೊಳ್ಳುವವರೆಗೂ ಕಾರು ಅವರ ಬಳಿಯೇ ಇತ್ತು; ಈಗ ದುರಸ್ತಿಯಾಗಿ ಕಂಪನಿಯ ಮುಖ್ಯ ಕಚೇರಿಯಲ್ಲಿದೆ. ಆ ನೆನಪಿಗಾಗಿ ನನಗೆ 800ನ್ನೇ ದಾನಿಯಾಗಿ ಆರಿಸುವ ಮನಸ್ಸಿತ್ತು. ಟೇಪು ಒಪ್ಪಲಿಲ್ಲ. ಅದರ ಎಂಜಿನ್ ಅಡ್ಡಕ್ಕೆ ಕೂತಿರುತ್ತದೆ, ತಿರುಗಿಸುವುದು ಮುಂದಿನ ಚಕ್ರ. ಉದ್ದ ಮೂತಿಯ ಹಿಂಚಕ್ರದ ಗಾಡಿಗೆ ಅದು ಕೂರುವುದಿಲ್ಲ. ಬೆನ್ನಹಿಂದೆ ಇಡಬಹುದು, ಫಾರ್ಮುಲಾ ಮಾರುತಿಯಲ್ಲಿ ಇಟ್ಟ ಹಾಗೆ; ಆಗ ಅದು ಬೇರೆಯೇ ಕಾರು, ಅಳಿಯ ಕನಸು ಕಂಡದ್ದಲ್ಲ. ದಾನಿಯನ್ನು ಆರಿಸುವಾಗ ಮೊದಲು ಕೇಳಬೇಕಾದದ್ದು ಎಂಜಿನ್ ಎಷ್ಟು ಬಲದ್ದೆಂದಲ್ಲ, ಅದು ಯಾವ ದಿಕ್ಕಿಗೆ ಮಲಗಿದೆ, ಯಾವ ಚಕ್ರವನ್ನು ತಿರುಗಿಸುತ್ತದೆ ಎಂದು.

ಹಾಗೆ ಕೇಳಿದರೆ ನಮ್ಮ ದೇಶದಲ್ಲಿ ಉಳಿಯುವ ಹೆಸರು ಬಹಳ ಇಲ್ಲ. ಅಂಬಾಸಡರ್, ಪದ್ಮಿನಿ, ಕಾಂಟೆಸ್ಸಾ ಮೂರೂ ಹಿಂಚಕ್ರದವು, ಮೂರೂ ಭಾರದವು, ಮೂರೂ ಈಗ ಅಪರೂಪ. ಜಿಪ್ಸಿ ನೋಡಿದರೆ ಕೈ ತುರಿಸುತ್ತದೆ, ಆದರೆ ಅದಕ್ಕೆ ಬೆಲೆಯೂ ಪ್ರೇಮಿಗಳೂ ಜಾಸ್ತಿ. ಒಳ್ಳೆಯ ಜಿಪ್ಸಿಯನ್ನು ಕತ್ತರಿಸುವುದು ಪಾಪ. ಮಿಕ್ಕವು ವ್ಯಾನುಗಳು. ಆಮ್ನಿ, ವರ್ಸಾ, ಈಕೋ. ಎಂಜಿನ್ ಮುಂದಿನ ಸೀಟಿನ ಕೆಳಗೆ ಉದ್ದಕ್ಕೆ, ಅಲ್ಲಿಂದ ಪ್ರೊಪೆಲರ್ ಶಾಫ್ಟ್, ಹಿಂದೆ ಇಡಿಯಾದ ಅಚ್ಚು. ಮೇಷ್ಟ್ರ ಎಸ್ಕಾರ್ಟಿಗೆ ನಮ್ಮಲ್ಲಿ ಸಾಟಿ ಯಾವುದೆಂದರೆ ಶಾಲೆಯ ಮಕ್ಕಳನ್ನು, ಹಾಲಿನ ಕ್ಯಾನನ್ನು, ರೋಗಿಗಳನ್ನು, ಶಾಮಿಯಾನದ ಬಟ್ಟೆಯನ್ನು ಹೊತ್ತ ಈ ಡಬ್ಬದಂಥ ವ್ಯಾನು. ಅದನ್ನು ಅಂದು ರಾತ್ರಿ ಕಾಗದದ ಮೇಲೆ ಬರೆದು ನೋಡಿದಾಗ ನನಗೆ ರೋಮಾಂಚನವಾಯಿತು.

ಅಳಿಯನ ಕಣ್ಣು ವರ್ಸಾದ ಮೇಲೆ ಬಿತ್ತು. 2001ರಲ್ಲಿ ಬಚ್ಚನ್ ಅಪ್ಪ-ಮಗ ಇಬ್ಬರನ್ನೂ ಜಾಹೀರಾತಿಗೆ ನಿಲ್ಲಿಸಿ ತಂದ ಕಾರು, ಹೆಚ್ಚು ಮಾರಾಟವಾಗಲಿಲ್ಲ. ಆದರೆ ಎಂಜಿನ್ 1298 ಸಿಸಿ, ಹದಿನಾರು ವಾಲ್ವು, 80 ಅಶ್ವಶಕ್ತಿಗೂ ಮಿಗಿಲು. ಗಾಜಿಯಾಬಾದಿನಲ್ಲಿ ಒಂದು ಸಿಕ್ಕಿತು, ದನಿಯೂ ಚೆನ್ನಾಗಿತ್ತು, ಕೇಳಿದ ಬೆಲೆ ₹25,000. ಅದರ ಮಾಲೀಕರು ನಿವೃತ್ತ ಶಿಕ್ಷಕಿ, ಚಹಾ ಕೊಟ್ಟು ಕಾಗದ ಮುಂದಿಟ್ಟರು. ಕಾಗದದ ಆಯುಸ್ಸು ಮುಗಿದಿತ್ತು. ಹದಿನೈದು ವರ್ಷ ಕಳೆದ ಬಿಎಸ್-3 ಗಾಡಿಯ ನೋಂದಣಿ ನವೀಕರಣ ಇಲ್ಲಿ ಆಗುವುದಿಲ್ಲ. ಹೆಸರು ಬದಲಾವಣೆಯೂ ಇಲ್ಲ. ಅದು ಹೋಗಬೇಕಾದದ್ದು ಸರ್ಕಾರ ಮಾನ್ಯ ಮಾಡಿದ ಗುಜರಿ ಕೇಂದ್ರಕ್ಕೆ. 2021ರ ನಿಯಮದ ನಂತರ ಇಲ್ಲೇ ನೊಯ್ಡಾದಲ್ಲಿ ಅಂಥದ್ದು ಶುರುವಾಗಿದೆ. ಅಳಿಯನ ಮುಖ ಬಾಡಿತು. ಆವತ್ತು ತಿಳಿದದ್ದು ಇದು: ದೆಹಲಿಯ ಸುತ್ತ ಅಗ್ಗದ ಹಳೆಯ ಕಾರಿಗೆ ಹೋಗಬಾರದು, ಕಾಗದ ಜೀವಂತವಿರುವ, ಮೈ ನಜ್ಜಾದ, ಕಡಿಮೆ ವಯಸ್ಸಿನ ಕಾರಿಗೆ ಹೋಗಬೇಕು. ಹೆಸರು ನಮ್ಮದಾದ ಮೇಲೆ ಬಿಚ್ಚುವುದು, ಬಿಚ್ಚಿದ ಮೇಲೆ ನೋಂದಣಿ ರದ್ದು ಮಾಡಿಸುವುದು. ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್ ಅದನ್ನು ಮಾಲೀಕನ ಹೊಣೆ ಎನ್ನುತ್ತದೆ, 14 ದಿನದೊಳಗೆ ತಿಳಿಸಬೇಕೆನ್ನುತ್ತದೆ.

ಈ ನಡುವೆ ಒಂದು ನಿಜವಾದ ದಾನವೇ ಬಂತು. ರಾವ್ ತುಲಾರಾಮ್ ಮಾರ್ಗದ ದೆಹಲಿ ಕರ್ನಾಟಕ ಸಂಘದಲ್ಲಿ ನಾಟಕ ನೋಡಲು ಹೋಗಿದ್ದೆ. ಬಿಡುವಿನಲ್ಲಿ ನಮ್ಮ ಹುಡುಕಾಟದ ಮಾತು ಬಂದಾಗ, ಧಾರವಾಡದ ಕಡೆಯ ಹಿರಿಯರೊಬ್ಬರು ‘ನಮ್ಮಲ್ಲಿ ಒಂದು ಹೆರಾಲ್ಡ್ ಐತ್ರಿ, ಇಪ್ಪತ್ತು ವರ್ಷದಿಂದ ನಿಂತಽದ. ಬೇಕಾದ್ರ ಹಂಗೇ ಒಯ್ರಿ’ ಎಂದರು. ಸ್ಟ್ಯಾಂಡರ್ಡ್ ಹೆರಾಲ್ಡ್! ಮದ್ರಾಸಿನಲ್ಲಿ 1961ರಿಂದ ಹತ್ತು ವರ್ಷ ತಯಾರಾದ ಕಾರು. ಎಂಜಿನ್ ಉದ್ದಕ್ಕೆ, ಹಿಂಚಕ್ರಕ್ಕೆ ಶಕ್ತಿ, ಎಲ್ಲಕ್ಕಿಂತ ಮಿಗಿಲಾಗಿ ಮೈಯನ್ನು ಎತ್ತಿದರೆ ಕೆಳಗೆ ಪ್ರತ್ಯೇಕ ಚಾಸಿ. ಇಂಗ್ಲೆಂಡಿನಲ್ಲಿ ಇದೇ ಟ್ರಯಂಫ್ ಹೆರಾಲ್ಡಿನ ಚಾಸಿಯ ಮೇಲೆ ಎಷ್ಟೋ ಬಗೆಯ ಕಿಟ್ ಕಾರುಗಳು ಎದ್ದಿವೆ. ಲೆಕ್ಕ ಹಾಕಿದರೆ ಇದಕ್ಕಿಂತ ಒಳ್ಳೆಯ ದಾನಿ ಇಲ್ಲ, ಅದೂ ಪುಕ್ಕಟೆ.

ಮರುದಿನವೇ ಹೋದೆವು. ನೀಲಿ ಕಾರು, ಬೇವಿನ ಮರದ ಕೆಳಗೆ, ಎಲೆ ಹೊದ್ದು ನಿಂತಿತ್ತು. ಮುಂದಿನ ಬಾನೆಟ್ಟು ರೆಕ್ಕೆಗಳ ಸಮೇತ ಒಂದೇ ತುಂಡಾಗಿ ಮುಂದಕ್ಕೆ ಬಾಗಿ ತೆರೆಯಿತು. ಸ್ಕ್ರೂಡ್ರೈವರಿನಿಂದ ಚಾಸಿಯನ್ನು ಕುಟ್ಟಿ ನೋಡಿದೆ. ಎರಡು ಕಡೆ ಬಿಟ್ಟರೆ ಗಟ್ಟಿ. ಹಿರಿಯರು ಪಕ್ಕದಲ್ಲಿ ನಿಂತು, ಮದುವೆಯಾದ ಹೊಸತರಲ್ಲಿ ಹೆಂಡತಿಯನ್ನು ಅದರಲ್ಲಿ ಕೂರಿಸಿಕೊಂಡು ಹರಿದ್ವಾರಕ್ಕೆ ಹೋದದ್ದನ್ನು ಹೇಳುತ್ತಿದ್ದರು. ಅಳಿಯ ಟೇಪು ಹಿಡಿದು ಬಗ್ಗಿದವನು ಅಳೆಯದೆ ಎದ್ದು ನಿಂತ. ನನ್ನ ಮುಖ ನೋಡಿದ. ನಾನು ಹಿರಿಯರಿಗೆ ಕೈಮುಗಿದು ಹೇಳಿದೆ: ‘ಸರ್, ಇದನ್ನ ಕಡಿಯೋದು ಬೇಡ. ಇದು ಉಳೀಬೇಕು.’ 1968ರ ಕಾರದು. 50 ವರ್ಷ ದಾಟಿದ ಕಾರುಗಳಿಗೆ 2021ರಿಂದ ವಿಂಟೇಜ್ ನೋಂದಣಿ ಇದೆ, ನಂಬರಿನಲ್ಲಿ ‘ವಿಎ’ ಎಂಬ ಅಕ್ಷರ ಬರುತ್ತದೆ. ಅದಕ್ಕೆ ಅರ್ಜಿ ಹಾಕುವುದು ಹೇಗೆಂದು ಕೂತು ಬರೆದುಕೊಟ್ಟು ಬಂದೆವು. ಹೇರಳವಾಗಿರುವುದನ್ನು ಕಡಿಯಬಹುದು, ಹತ್ತೇ ಉಳಿದಿರುವುದನ್ನು ಕಡಿಯಲಾಗದು. ಬೆಂಗಳೂರಿನ ಸಿಪಾನಿಯವರ ಫೈಬರ್ ಮೈಯ ಡಾಲ್ಫಿನ್ ಯಾರಿಗಾದರೂ ಸಿಕ್ಕರೂ ನನ್ನ ಮಾತು ಅದೇ.

ಹೀಗೆ ಬಂದು ನಿಂತದ್ದು ಆಮ್ನಿಯ ಮುಂದೆ. 1984ರಲ್ಲಿ ಮಾರುತಿ ವ್ಯಾನ್ ಎಂದು ಬಂದು 2019ರಲ್ಲಿ ನಿಂತ ಗಾಡಿ. ಕಶ್ಮೀರಿ ಗೇಟಿನ ಯಾವ ಅಂಗಡಿಯಲ್ಲಿ ಕೇಳಿದರೂ ಅದರ ವಾಷರಿನಿಂದ ಹಿಡಿದು ಕ್ರ್ಯಾಂಕಿನವರೆಗೆ ಸಿಗುತ್ತದೆ. ಈಕೋ ಇನ್ನೂ ಒಳ್ಳೆಯದೇ, ಐದು ಗೇರಿನದು. ಆದರೆ ಅದಕ್ಕೆ ದುಡಿಮೆ ಇನ್ನೂ ಇದೆ, ಬೆಲೆ ಇಳಿದಿಲ್ಲ. ಇಲ್ಲಿನ ಹೆಚ್ಚಿನ ಈಕೋಗಳು ಸಿಎನ್‌ಜಿಯಲ್ಲಿ ಲಕ್ಷಗಟ್ಟಲೆ ಕಿಲೋಮೀಟರ್ ಓಡಿರುತ್ತವೆ. ಒಣ ಇಂಧನಕ್ಕೆ ವಾಲ್ವಿನ ಸೀಟು ಬೇಗ ಸವೆಯುತ್ತದೆ. ಮೊದಲು ಗೊತ್ತು ಮಾಡಿದ ಆಮ್ನಿ ಕೈತಪ್ಪಿತು. ಮುಂಗಡ ಕೊಟ್ಟ ಮೇಲೆ ನೋಡಿದರೆ ನೋಂದಣಿ ಪುಸ್ತಕದಲ್ಲಿ ಬ್ಯಾಂಕಿನ ಸಾಲ ಇನ್ನೂ ಕೂತಿತ್ತು. ಮುಂಗಡ ವಾಪಸು ಬರಲು ಆರು ವಾರ ಹಿಡಿಯಿತು. ಕಾಗದ ಓದುವ ಕೆಲಸ ಬೆಲೆ ಮಾತಾಡುವುದಕ್ಕಿಂತ ಮುಂಚಿನದು.

ಎರಡನೆಯದು ಫರಿದಾಬಾದಿನಲ್ಲೇ, ತಂಗಿಯ ಮನೆಯಿಂದ ಮೂರು ಕಿಲೋಮೀಟರ್ ದೂರದ ಹೂವಿನ ವ್ಯಾಪಾರಿಯದು. 2015ರ ಗಾಡಿ, ಬರೀ ಪೆಟ್ರೋಲ್, ಸಾಲವಿಲ್ಲ. ಮಂಜಿನಲ್ಲಿ ಟ್ರ್ಯಾಕ್ಟರಿನ ಹಿಂಭಾಗಕ್ಕೆ ಗುದ್ದಿ ಮುಖವೆಲ್ಲ ನಜ್ಜು. ಒಳಗೆ ಚೆಂಡುಹೂವಿನ ವಾಸನೆ ಇನ್ನೂ ಇತ್ತು. ಚೀಲ ತೆರೆದೆ. ಅಯಸ್ಕಾಂತಕ್ಕೆ ಇಲ್ಲಿ ಕೆಲಸ ಕಡಿಮೆ, ಮೈ ನಮಗೆ ಬೇಡವಲ್ಲ. ಎಂಜಿನ್ ಹಚ್ಚಿಸಿ ಬೆಚ್ಚಗಾಗುವವರೆಗೂ ಕೇಳಿದೆವು. ಎಣ್ಣೆಯ ಮುಚ್ಚಳ ತೆಗೆದು ಹೊಗೆ ಬರುತ್ತದೆಯೇ ನೋಡಿದೆವು. ಗುದ್ದಿದ ಗಾಡಿಯಾದ್ದರಿಂದ ಕರ್ಣ ಅಳೆದೆವು: ಮುಂದಿನ ಎಡಚಕ್ರದಿಂದ ಹಿಂದಿನ ಬಲಚಕ್ರಕ್ಕೆ, ಮತ್ತೆ ಬಲದಿಂದ ಎಡಕ್ಕೆ. ಮುಂದುಗಡೆ ಎರಡು ಬೆರಳು ವ್ಯತ್ಯಾಸ. ಮುಂದಿನ ಚಕ್ರದ ಭಾಗಗಳನ್ನು ಹೇಗೂ ಹೊಸದಾಗಿ ಮಾಡಬೇಕು, ಹೋಗಲಿ ಎಂದೆವು. ಹಿಂದಿನ ಚಕ್ರಗಳ ನಡುವಿನ ಅಗಲ ಸುಮಾರು 1.2 ಮೀಟರ್. 1957ರ ಲೋಟಸ್ ಸೆವೆನ್ನಿನದೂ ಹೆಚ್ಚುಕಡಿಮೆ ಅಷ್ಟೇ ಎಂದು ಅಳಿಯ ಕೂಗಿದ. ಮಾಮೂಲಿ ಕಾರಿನ ಅಗಲವಾದ ಅಚ್ಚನ್ನು ಕತ್ತರಿಸಿ ಕಿರಿದು ಮಾಡುವ ದೊಡ್ಡ ತೊಂದರೆ ಅಲ್ಲಿಗೆ ತಪ್ಪಿತು.

ಕಷ್ಟಗಳೂ ಟೇಪಿನಲ್ಲೇ ಕಂಡವು. ವ್ಯಾನಿನ ಸ್ಟೀರಿಂಗ್ ಕಂಬ ನೆಟ್ಟಗೆ ನಿಂತಿರುತ್ತದೆ, ನಮಗೆ ಮಲಗಿದ ಕಂಬ ಬೇಕು. ಅದನ್ನು 800ರಿಂದ ತರಬೇಕು. ಗೇರಿನ ಹಿಡಿಕೆಯಿಂದ ಗೇರ್‌ಬಾಕ್ಸಿಗೆ ಸರಳುಗಳು ಹಿಂದಕ್ಕೆ ಹೋಗುತ್ತವೆ. ನಮ್ಮ ಚಾಲಕ ಗೇರ್‌ಬಾಕ್ಸಿನ ಪಕ್ಕದಲ್ಲೇ ಕೂರುವುದರಿಂದ ಆ ಜೋಡಣೆಯನ್ನೆಲ್ಲ ತಿರುಗಿಸಿ ಮಾಡಬೇಕು. 785 ಕಿಲೋ ವ್ಯಾನಿಗೆಂದು, ಅದರ ಮೇಲಿನ ಹೊರೆಗೆಂದು ಇಟ್ಟ ಕಮಾನು ಪಟ್ಟಿಗಳು 500 ಕಿಲೋ ಗಾಡಿಗೆ ಕಲ್ಲಿನಂತಾಗುತ್ತವೆ. ಅವು ಹೋಗಿ ಸುರುಳಿ ಸ್ಪ್ರಿಂಗ್ ಬರಬೇಕು. ಫರಿದಾಬಾದಿನಲ್ಲಿ ಲೇತ್ ಅಂಗಡಿಗಳಿಗೆ ಬರವಿಲ್ಲ. ಇವೆಲ್ಲ ಮಾಡಬಹುದಾದ ಕೆಲಸಗಳು.

ಅಳಿಯನಿಗೆ ಒಪ್ಪಿಗೆಯಾಗದೆ ಉಳಿದದ್ದು ಎಂಜಿನ್ನು. 796 ಸಿಸಿ, ಮೂರು ಸಿಲಿಂಡರ್, 34 ಅಶ್ವಶಕ್ತಿ. ‘ಮಾವ, ವರ್ಸಾದ್ದು ಇದರ ಎರಡರಷ್ಟಿತ್ತು’ ಎಂದು ಕೊರಗಿದ. ನಾನು ಅವನಿಗೆ ಸೆವೆನ್ನಿನ ಹಳೆಯ ಲೆಕ್ಕ ತೆರೆದು ತೋರಿಸಿದೆ. 1957ರಲ್ಲಿ ಚಾಪ್‌ಮನ್ ಅದಕ್ಕೆ ಇಟ್ಟದ್ದು ಫೋರ್ಡಿನ ಸಾಧಾರಣ 1172 ಸಿಸಿ ಎಂಜಿನ್, ಸುಮಾರು 40 ಅಶ್ವಶಕ್ತಿ. ಆ ಕಾರಿನ ಹೆಸರು ಬಲದಿಂದ ಬಂದದ್ದಲ್ಲ, ಹಗುರದಿಂದ ಬಂದದ್ದು. ಇದೇ 34 ಕುದುರೆಗಳು ಮೊನ್ನೆಯವರೆಗೆ ಒಂದು ಟನ್ ಹೂವನ್ನೂ ಮನುಷ್ಯರನ್ನೂ ಡಬ್ಬವನ್ನೂ ಎಳೆದಿವೆ. ಅವುಗಳ ಬೆನ್ನಿನಿಂದ ಅರ್ಧ ಭಾರ ಇಳಿಸಿದರೆ ಏನಾದೀತು ಎಂದು ನೀನೇ ಯೋಚಿಸು ಎಂದೆ. ಟೈರ್ ಗಾಡಿ ಕಂಡ ಮಂಡ್ಯದ ಎತ್ತಿನ ಹಾಗೆ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಸಂಜೆ ಫೋನ್ ಮಾಡಿ ‘ತಗೊಳ್ಳೋಣ’ ಎಂದ. ₹38,000ಕ್ಕೆ ಮಾತಾಯಿತು. ಹೆಸರು ಬದಲಾವಣೆಗೆ ಅರ್ಜಿ ಹಾಕಿ, ಹೊಸ ಪುಸ್ತಕ ಕೈಗೆ ಬರುವವರೆಗೂ ಒಂದು ನಟ್ಟನ್ನೂ ಸಡಿಲಿಸಲಿಲ್ಲ.

ಈ ಗಾಡಿ ರಸ್ತೆಗಿಳಿಯುವುದಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ನಮೂದಿಸಿದ ಮೂಲ ವಿವರಗಳು ಬದಲಾಗುವಂತೆ ಗಾಡಿಯನ್ನು ಮಾರ್ಪಡಿಸಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಮತ್ತೆ ಗಟ್ಟಿಯಾಗಿ ಹೇಳಿತು. ಹೊಸ ಕಾರೆಂದು ನೋಂದಾಯಿಸಬೇಕಾದರೆ ಕಂಪನಿಗಳ ಹಾಗೆ ಮಾದರಿ ಪರೀಕ್ಷೆಗೆ ಒಡ್ಡಬೇಕು. ಹರಿಯಾಣದ ಡಬ್ವಾಲಿಯಲ್ಲಿ ಜೀಪು ಕಟ್ಟಿಕೊಡುವ ಗ್ಯಾರೇಜುಗಳಿಗೂ, ನಮ್ಮ ಪೋರ್ಟಿಕೋಗೂ ಕಾನೂನು ಒಂದೇ. ಆದ್ದರಿಂದ ನಮ್ಮ ಗಾಡಿ ಟ್ರೇಲರಿನ ಮೇಲೆ ಹೋಗಿ, ಅನುಮತಿ ಸಿಕ್ಕ ಖಾಸಗಿ ಮೈದಾನದಲ್ಲೋ ರೇಸ್ ಟ್ರ್ಯಾಕಿನಲ್ಲೋ ಓಡುತ್ತದೆ. ಬ್ರಿಟನ್ನಿನಲ್ಲಿ ಮನೆಯಲ್ಲಿ ಕಟ್ಟಿದ ಒಂದೇ ಒಂದು ಕಾರನ್ನೂ ಪರೀಕ್ಷಕರ ಮುಂದೆ ನಿಲ್ಲಿಸಿ, ಬ್ರೇಕು, ದೀಪ, ಹೊಗೆ, ಚೂಪು ಅಂಚು ಎಲ್ಲ ನೋಡಿಸಿ ನಂಬರು ಪಡೆಯುವ ವ್ಯವಸ್ಥೆ ಇದೆ. ನಮ್ಮ ದ್ವಾರಕಾದಿಂದ ಒಂದು ಗಂಟೆ ದೂರದ ಮಾನೇಸರದಲ್ಲಿ ದೊಡ್ಡ ವಾಹನ ಪರೀಕ್ಷಾ ಕೇಂದ್ರವೇ ಇದೆ. ವರ್ಷಕ್ಕೆ ಕೆಲವು ದಿನವನ್ನಾದರೂ ಅಲ್ಲಿ ಇಂಥ ಒಂಟಿ ಗಾಡಿಗಳಿಗೆ ಮೀಸಲಿಡಬೇಕು, ನ್ಯಾಯವಾದ ಶುಲ್ಕ ತೆಗೆದುಕೊಂಡು, ಕಟ್ಟುನಿಟ್ಟಾಗಿ ಪರೀಕ್ಷಿಸಿ, ಪಾಸಾದದ್ದಕ್ಕೆ ನಂಬರು ಕೊಡಬೇಕು. ಪ್ರತಿ ವರ್ಷ ಸುಪ್ರಾ, ಬಾಹಾ ಸ್ಪರ್ಧೆಗಳಿಗೆ ಗಾಡಿ ಕಟ್ಟುವ ಎಂಜಿನಿಯರಿಂಗ್ ಹುಡುಗ ಹುಡುಗಿಯರು ದೇಶದ ಮೂಲೆಮೂಲೆಯಲ್ಲಿದ್ದಾರೆ. ಕಾಲೇಜು ಮುಗಿದ ಮೇಲೆ ಅವರ ಕೈಗೆ ಹೋಗಲು ದಾರಿ ಬೇಕು.

ಹೋದ ಭಾನುವಾರ ಆಮ್ನಿಯನ್ನು ಪೋರ್ಟಿಕೋದಲ್ಲಿ ನಾಲ್ಕು ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿದೆವು. ತಂಗಿ ಉಪ್ಪಿಟ್ಟು ಮಾಡಿ ತಂದಿಟ್ಟು, ತನ್ನ ತುಳಸಿ ಕಟ್ಟೆಗೆ ಎಣ್ಣೆ ಸಿಡಿಯದಂತೆ ಹಳೆಯ ಸೀರೆ ಅಡ್ಡ ಕಟ್ಟಿದಳು. ಎಂಜಿನ್ ಇಳಿಯಿತು, ಗೇರ್‌ಬಾಕ್ಸ್ ಇಳಿಯಿತು. ಪ್ರತಿ ಬೋಲ್ಟನ್ನೂ ಚೀಟಿ ಬರೆದ ಪೊಟ್ಟಣದಲ್ಲಿ ಹಾಕಿಟ್ಟೆವು. ಕೊನೆಗೆ ಹಿಂದಿನ ಅಚ್ಚು ಬಿಚ್ಚಿ ಎರಡು ಇಟ್ಟಿಗೆ ಜೋಡಿಯ ಮೇಲೆ ಇಟ್ಟಾಗ ಅಳಿಯ ಡ್ರಮ್ಮನ್ನು ಬೆರಳಿನಿಂದ ಒಂದು ಸುತ್ತು ತಿರುಗಿಸಿ, ನನಗೆ ಹೇಳದೆಯೇ ಕಣ್ಣು ಮುಚ್ಚಿದ. ಎಡಗಡೆಯದು ಸದ್ದಿಲ್ಲದೆ ಹೋಯಿತು. ಬಲಗಡೆಯ ಬೇರಿಂಗ್ ಸವೆದಿದೆ, ಬದಲಿಸಬೇಕು.